ಗಾಣದ ಓಣಿಯ ನಿಂತ ದಿನಗಳು

ನಾನು ಬರೆದ ಕಂಪ್ಯೂಟರ್ ಕೋಡಿನಲ್ಲಿ ಎರಡು ವರ್ಷ ಯಾರೂ ಸಾಯಲಿಲ್ಲ. ಊರಲ್ಲಿ ಮಾತ್ರ ಮಂದಿ ಸಾಯುತ್ತಲೇ ಇದ್ದರು. ಎಡವಟ್ಟು ಆದದ್ದೇ ಅಲ್ಲಿ. ತಪ್ಪು ನನ್ನದು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಂಪ್ಯೂಟರಿನ ಮೇಲೆ ಹಾಕಿ ಜಾರಿಕೊಂಡಳು ಎಂದು ಯಾರೂ ಆಡಿಕೊಳ್ಳಬಾರದು.

ನಮ್ಮ ಊರಿನಲ್ಲಿ ಹನ್ನೊಂದು ಓಣಿ, ಹನ್ನೊಂದು ತಾರೀಖು. ಪ್ರತಿ ಓಣಿಯ ಬಾಯಲ್ಲಿ ದಿನಕ್ಕೊಂದು ಹಾಳೆಯ ಕ್ಯಾಲೆಂಡರು ತೂಗುತ್ತಿರುತ್ತದೆ. ಓಣಿಯ ಹಿರಿಯರೊಬ್ಬರು ದಿನಾ ಬೆಳಿಗ್ಗೆ ಬಂದು ಒಂದು ಹಾಳೆ ಹರಿಯುತ್ತಾರೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮರುದಿನ ಹರಿಯುವುದಿಲ್ಲ. ಅದೇ ತಾರೀಖು, ಅದೇ ವಾರ ಇನ್ನೊಂದು ದಿನ ಇರುತ್ತದೆ. ಇದಕ್ಕೆ ನಾವು ದಿನ ನಿಲ್ಲುವುದು ಎನ್ನುತ್ತೇವೆ. ತೀರಿಕೊಂಡವರ ಹೆಸರನ್ನು ಆ ಹಾಳೆಯ ಮೇಲೆ ಬರೆದು, ಅದರ ಮಾರನೆಯ ದಿನ ಹರಿದು, ಜೋಪಾನವಾಗಿ ತೆಗೆದಿಡುತ್ತಾರೆ.

ಹೀಗಾಗಿ ಹೆಚ್ಚು ಸಾವು ಕಂಡ ಓಣಿ ಹೆಚ್ಚು ಹಿಂದೆ. ಬೇನೆ ಬಂದ ವರ್ಷ ಕೆರಿ ಓಣಿ ಒಮ್ಮೆಲೇ ನಾಲ್ಕು ತಿಂಗಳು ಹಿಂದೆ ಬಿತ್ತು, ಮತ್ತೆ ಬೇರೆ ಓಣಿಗಳನ್ನು ಸರಿಗಟ್ಟಲಿಲ್ಲ. ಇದರಿಂದ ಯಾರ ಬಾಳೂ ನಿಂತಿಲ್ಲ. ಲಗ್ನಪತ್ರಿಕೆಯಲ್ಲಿ ಹೆಣ್ಣಿನ ಓಣಿಯ ತಾರೀಖು ಒಂದು ಕಡೆ, ಗಂಡಿನ ಓಣಿಯದು ಇನ್ನೊಂದು ಕಡೆ ಅಚ್ಚಾಗುತ್ತದೆ. ಮೂಲೆಯ ಚಹಾದಂಗಡಿಯ ಒಂದು ಬಾಗಿಲು ಸೋಮವಾರಕ್ಕೆ ತೆರೆದರೆ ಇನ್ನೊಂದು ಗುರುವಾರಕ್ಕೆ ತೆರೆಯುತ್ತದೆ. ಸೋಮವಾರ ಉಪವಾಸ ಹಿಡಿದವರು ಗುರುವಾರದ ಬಾಗಿಲಿನಿಂದ ಬಂದು ಭಜಿ ತಿಂದು ಹೋಗುತ್ತಾರೆ. ಅವಧಿ ಮುಗಿದ ಬಿಸ್ಕೀಟನ್ನು ಅಂಗಡಿಯವರು ಕೆರಿ ಓಣಿಗೆ ಒಯ್ದು ಮಾರುತ್ತಾರೆ, ಅಲ್ಲಿ ಅದಕ್ಕೆ ಇನ್ನೂ ಅವಧಿ ಇರುತ್ತದೆ. ವಯಸ್ಸನ್ನು ಹುಟ್ಟಿದ ಓಣಿಯ ತಾರೀಖಿನ ಮೇಲೆ ಎಣಿಸುತ್ತಾರೆ. ದಿನ ನಿಂತರೆ ಆ ಓಣಿಯವರಿಗೆ ಅಂದು ವಯಸ್ಸಾಗುವುದಿಲ್ಲ.

ಎಲ್ಲಕ್ಕಿಂತ ಮುಂದಿರುವುದು ಕಚೇರಿ ಓಣಿ. ಅಲ್ಲಿ ಪುರಸಭೆ, ಖಜಾನೆ, ಟಪಾಲು ಬಿಟ್ಟರೆ ಒಂದು ಮನೆಯೂ ಇಲ್ಲ. ಐದೂವರೆಗೆ ಬೀಗ ಬೀಳುತ್ತದೆ. ಅಲ್ಲಿ ಈವರೆಗೆ ಒಂದು ದಿನವೂ ನಿಂತಿಲ್ಲ. ನಮ್ಮ ಮುಖ್ಯಾಧಿಕಾರಿ ಹುದ್ದಾರ ಸಾಹೇಬರು, "ಇಲ್ಲಿ ಸಾಯಾಕೂ ರಜಾ ಮಂಜೂರಾಗಬೇಕ್ರಿ" ಎಂದು ಬಂದವರಿಗೆಲ್ಲ ಹೇಳಿ ತಾವೇ ನಗುತ್ತಾರೆ.

ಆ ಪುರಸಭೆಯಲ್ಲಿ ಕೋಡು ಬರೆಯುವವಳು ನಾನು, ನೀಲಾಂಬಿಕಾ. ಮಂದಿ ನನ್ನನ್ನು ತಾರೀಖಿನ ಬಾಯಾರು, ಎಂದರೆ ತಾರೀಖಿನ ಮೇಡಂ ಎನ್ನುತ್ತಾರೆ. ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಮೊದಲು ತಾರೀಖು ಬಂದ ಕಡೆಯೆಲ್ಲ ನಾನು ಅರವತ್ತು ಸಾಲು ಬರೆಯಬೇಕಿತ್ತು. ಗಾಣದ ಓಣಿಯಾದರೆ ಇಷ್ಟು ಕೂಡಿಸು, ಕೆರಿ ಓಣಿಯಾದರೆ ಅಷ್ಟು ಕೂಡಿಸು, ಹುಣಸಿಮರದ ಓಣಿಯಾದರೆ ಮತ್ತಷ್ಟು. ನಲ್ಲಿಯ ಅರ್ಜಿಗೆ ಒಮ್ಮೆ, ಜನನದ ದಾಖಲೆಗೆ ಒಮ್ಮೆ, ಶಾಲೆಯ ಪ್ರವೇಶಕ್ಕೆ ಮತ್ತೊಮ್ಮೆ ಅದೇ ಅರವತ್ತು ಸಾಲು. ಒಂದು ಕಡೆ ತಿದ್ದಿದರೆ ಹದಿನಾಲ್ಕು ಕಡೆ ತಿದ್ದಬೇಕು, ಒಂದು ಕಡೆ ಮರೆತರೆ ಹದಿನಾಲ್ಕು ಕಡೆಯಿಂದ ಬೈಸಿಕೊಳ್ಳಬೇಕು. ನನಗೆ ತಲೆ ಕೆಟ್ಟುಹೋಯಿತು. ಒಂದು ವಾರ ಕೂತು ಒಂದು ಸಣ್ಣ ಸಾಧನ ಬರೆದೆ, ಅದಕ್ಕೆ 'ಸಪಾಟು' ಎಂದು ಹೆಸರಿಟ್ಟೆ. ಯಾವ ಓಣಿಯ ತಾರೀಖು ಕೊಟ್ಟರೂ ಅದು ಕಚೇರಿ ಓಣಿಯ ತಾರೀಖಾಗಿ ಹೊರಬರುತ್ತಿತ್ತು. ಊರವರೆಲ್ಲರ ಹುಟ್ಟಿದ ದಿನವನ್ನು ಅದರಲ್ಲಿ ಹಾಕಿ ತೆಗೆದೆ. ಇನ್ನು ಓಣಿಯ ಹೆಸರು ಯಾತಕ್ಕೆ ಎಂದು ಆ ಕಾಲಂ ಅನ್ನೇ ಅಳಿಸಿದೆ. ಅರವತ್ತು ಸಾಲಿನ ಜಾಗದಲ್ಲಿ ಒಂದೇ ಸಾಲು. ಹುದ್ದಾರರು ಎಲ್ಲರೆದುರು ನನಗೆ ಶಾಲು ಹೊದಿಸಿದರು. ನಾನೂ ಎರಡು ವರ್ಷ ಉಬ್ಬಿಕೊಂಡೇ ಓಡಾಡಿದೆ.

ಎರಡು ವರ್ಷದ ಮೇಲೆ, ಕಚೇರಿ ಓಣಿಯ ಇಪ್ಪತ್ತಾರನೆಯ ತಾರೀಖು, ಫಕೀರವ್ವ ಬಂದು ನನ್ನ ಮೇಜಿನ ಮುಂದೆ ನಿಂತಳು. ಗಾಣದ ಓಣಿಯವಳು, ಮೇಲಿನ ಟಾಕಿಯ ನೀರು ಬಿಡುವವಳು. ವಾಲ್ವು ತಿರುಗಿಸಿ ತಿರುಗಿಸಿ ಅವಳ ಅಂಗೈ ಗಟ್ಟಿಯಾಗಿತ್ತು. ಹನ್ನೊಂದು ವರ್ಷ ತಾತ್ಪೂರ್ತಿಕ ಎಂದು ದುಡಿದಿದ್ದಳು. ಈಗ ಆ ಕೆಲಸವನ್ನು ಖಾಯಂ ಮಾಡಲು ಅರ್ಜಿ ಕರೆದಿದ್ದರು. ಅರ್ಜಿ ಒಪ್ಪಿದರೆ ಕೆಲಸ ಅವಳದೇ, ಅಷ್ಟು ಅನುಭವ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ. ಒಪ್ಪದಿದ್ದರೆ ಬೇರೆಯವರು ಬರುತ್ತಾರೆ, ಅವಳು ಮನೆಗೆ ಹೋಗುತ್ತಾಳೆ. ಕೊನೆಯ ದಿನ ಕಚೇರಿ ಓಣಿಯ ಮೂವತ್ತು, ಸಂಜೆ ಐದು ಗಂಟೆ. ಆ ದಿನಕ್ಕೆ ನಲವತ್ತು ತುಂಬಿರಬಾರದು ಎಂಬುದು ಷರತ್ತು.

"ಬಾಯಾರ, ನಿಮ್ಮ ಕಂಪ್ಯೂಟರ ನನಗ ನಲವತ್ತ ತುಂಬೇತಿ ಅಂತೈತಿ. ನನಗೆಲ್ಲಿ ತುಂಬೇತ್ರಿ?" ಎಂದಳು.

ನಾನು ತೆರೆದು ನೋಡಿದೆ. ಇಪ್ಪತ್ತನಾಲ್ಕಕ್ಕೇ ತುಂಬಿದೆ ಎಂದಿತ್ತು. "ಎರಡ ದಿನದ ಹಿಂದ ತುಂಬೇತಿ ನೋಡವಾ," ಎಂದೆ. ನನ್ನ ಸಾಧನದ ಮೇಲೆ ನನಗೆ ಅಷ್ಟು ನಂಬಿಕೆ.

ಅವಳು ಸೆರಗಿನ ಗಂಟು ಬಿಚ್ಚಿ ಹುಟ್ಟಿದ ದಾಖಲೆಯ ಕಾಗದ ತೆಗೆದಳು. "ನಾ ಹುಟ್ಟಿದ್ದು ಹದಿನಾಲ್ಕಕ್ಕ. ನಮ್ಮ ಓಣ್ಯಾಗ ಇವತ್ತ ಒಂಬತ್ತು. ಇನ್ನ ಐದ ದಿನಾ ಐತಿ. ನಿಮ್ಮ ಮೂವತ್ತ ಬಂದ್ರೂ ನಮ್ಮಲ್ಲಿ ಹದಿಮೂರಾ ಇರತೈತಿ."

"ಅದ್ಹೆಂಗ ಆಗ್ತೈತಿ?"

"ಹೆಂಗ ಅಂದ್ರ? ನಿಮ್ಮ ಕಂಪ್ಯೂಟರ ಬಂದ ಮ್ಯಾಲ ನಮ್ಮ ಓಣ್ಯಾಗ ಮಂದಿ ಸಾಯೋದ ಬಿಟ್ಟಾರೇನ್ರಿ? ದಾನಮ್ಮ ಸತ್ಲು, ಗುರುಸಿದ್ಧಪ್ಪ ಸತ್ತ. ಹ್ವಾದ ವರ್ಷ ನಮ್ಮ ಮನಿಯಾಂವ ಸತ್ತ. ಅವ ಸತ್ತಾಗ ಓಣಿ ಪೂರಾ ದಿನಾ ನಿಂತಿತ್ತು. ಆ ದಿನಾ ಎಲ್ಲಿ ಹೋತ್ರಿ?"

ಆಗ ನನಗೆ ಹೊಳೆಯಿತು. ಸಪಾಟು ಮಾಡಿದ ದಿನ ಗಾಣದ ಓಣಿ ನಮಗಿಂತ ಒಂದು ವರ್ಷ ಹತ್ತು ದಿನ ಹಿಂದಿತ್ತು. ಅಷ್ಟನ್ನು ಕೂಡಿಸಿ ಅವಳ ಹುಟ್ಟಿದ ದಿನವನ್ನು ಕಚೇರಿಯ ತಾರೀಖಾಗಿ ಬರೆದಿಟ್ಟಿದ್ದೆ. ಅಂದು ಅದು ಸರಿಯಾಗಿತ್ತು. ಅಲ್ಲಿಂದ ಮುಂದೆ ಓಣಿ ಎಷ್ಟೋ ಸಲ ನಿಂತಿತ್ತು, ನಾನು ಬರೆದಿಟ್ಟ ತಾರೀಖು ಅಲುಗಾಡದೆ ಕೂತಿತ್ತು. ಗಂಡ ಸತ್ತ ದಿನವನ್ನೂ ಸೇರಿಸಿ ಅಷ್ಟೂ ನಿಂತ ದಿನಗಳನ್ನು ಅವಳ ವಯಸ್ಸಿಗೆ ಏರಿಸಿಬಿಟ್ಟಿದ್ದೆ. ಅವಳಿಗೊಬ್ಬಳಿಗೇ ಅಲ್ಲ, ಊರಿಗೆ ಊರಿಗೇ. ಛೀ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡೆ.

ಹುದ್ದಾರರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ, ತೊಂದರೆ ಬೇಡದವರು. "ಅದಕ್ಯಾಕಿಷ್ಟು ತಲಿ ಬಿಸಿ ಮೇಡಂ? ಆಕೀದೊಂದು ಹುಟ್ಟಿದ ದಿನಾ ಕೈಲೇ ತಿದ್ದಿಬಿಡ್ರಿ. ಒಂದ ಎಂಟ ದಿನಾ ಮುಂದ ಹಾಕ್ರಿ. ಮುಗೀತಲ್ಲ!" ಎಂದರು.

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಒಂದು ನಿಮಿಷದ ಕೆಲಸ, ಶಾಲಿನ ಮರ್ಯಾದೆಯೂ ಉಳಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಒಪ್ಪಲಿಲ್ಲ.

"ನಾ ಹುಟ್ಟಿದ ದಿನಕ್ಕ ಏನೂ ಆಗಿಲ್ರಿ ಸಾಹೇಬ್ರ, ಅದಕ್ಕ ಕೈ ಹಚ್ಚಬ್ಯಾಡ್ರಿ. ನಮ್ಮ ಮನಿಯಾಂವನ ದಿನಾ ಕೂಡಿಸ್ರಿ. ಅದು ಅವನ ದಿನಾ. ಅದನ್ನ ಬಿಟ್ಟು ಏನ ಕೊಟ್ರೂ ನನಗ ಬ್ಯಾಡ."

"ಮೂವತ್ತಕ್ಕ ಇನ್ನ ನಾಕ ದಿನಾ ಐತೆವಾ. ಊರ ಮಂದೀದೆಲ್ಲಾ ಹೊಸದಾಗಿ ಬರೀಬೇಕಾಗತೈತಿ," ಎಂದರು ಹುದ್ದಾರರು.

"ಬರೀತೀನ್ರಿ," ಎಂದೆ ನಾನು. ಯಾರೋ ಬೇರೆಯವರು ಹೇಳಿದಂತಿತ್ತು. ಹೇಳಿದ ಮೇಲೆ ಹಿಂದೆ ಸರಿಯುವ ಹೆಂಗಸು ನಾನಲ್ಲ. ಇದ್ದುದರಲ್ಲಿ ನಾನು ಮಾಡಿದ್ದ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ, ಸಪಾಟು ಮಾಡುವ ಮೊದಲಿನ ಎಲ್ಲ ದಾಖಲೆಯ ಒಂದು ಪ್ರತಿಯನ್ನು ಕಪಾಟಿನಲ್ಲಿ ಇಟ್ಟಿದ್ದೆ. ಓಣಿಯ ಹೆಸರುಗಳು, ಹಳೆಯ ತಾರೀಖುಗಳು ಅದರಲ್ಲಿ ಹಾಗೇ ಇದ್ದವು. ಇನ್ನು ಬೇಕಾದದ್ದು ನಿಂತ ದಿನಗಳ ಪಟ್ಟಿ. ಗೋಡೆಯ ಕ್ಯಾಲೆಂಡರನ್ನು ನೋಡಿ ಎಣಿಸಬಹುದಿತ್ತು, ಆದರೆ ಅದು ಇವತ್ತಿನ ತಾರೀಖನ್ನಷ್ಟೇ ಹೇಳುತ್ತದೆ, ಯಾವ ದಿನ ನಿಂತಿತ್ತು ಎಂದು ಹೇಳುವುದಿಲ್ಲ. ನನಗೆ ಹಾಳೆಗಳೇ ಬೇಕಿತ್ತು.

ಇಪ್ಪತ್ತೇಳು, ಇಪ್ಪತ್ತೆಂಟು, ಎರಡೂ ದಿನ ಸೈಕಲ್ ತೆಗೆದುಕೊಂಡು ಓಣಿ ಓಣಿ ತಿರುಗಿದೆ. ಹಾಳೆ ಹರಿಯುವ ಹಿರಿಯರ ಮನೆಗಳಲ್ಲಿ ಕೂತು ಎರಡು ವರ್ಷದ ಹಾಳೆಗಳನ್ನು ಬಿಡಿಸಿ ಬರೆದುಕೊಂಡೆ. ಒಂದು ಮನೆಯಲ್ಲಿ ಅವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದರು, ಇನ್ನೊಂದರಲ್ಲಿ ದೇವರ ಹಿಂದೆ. ಪ್ರತಿ ಹಾಳೆಗೂ ಒಂದು ಕಥೆ, ಪ್ರತಿ ಕಥೆಗೂ ಒಂದು ಕಪ್ ಚಹಾ. ಕೆರಿ ಓಣಿಯಲ್ಲಿ ಬಾಣಂತಿ ಸತ್ತರೆ ಎರಡು ದಿನ ನಿಲ್ಲಿಸುತ್ತಾರೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಇಷ್ಟು ವರ್ಷ ಈ ಊರಿನ ತಾರೀಖುಗಳನ್ನೇ ತಿಂದು ಉಂಡವಳಿಗೆ ಅದೂ ತಿಳಿದಿರಲಿಲ್ಲ. ಗಾಣದ ಓಣಿಯಲ್ಲಿ ಹಾಳೆ ಹರಿಯುವವರು ಸೈಕಲ್ ರಿಪೇರಿಯ ಮಾಬುಸಾಬಜ್ಜ. ಅವರು ನನ್ನ ಕೈಗೆ ಒಂದು ಬಿಸ್ಕೀಟಿನ ಡಬ್ಬಿ ಕೊಟ್ಟು, ನನ್ನದೇ ಸೈಕಲ್ಲಿನ ಪಂಕ್ಚರ್ ತೆಗೆಯುತ್ತ ಕೂತರು. ನಾನು ಹೆಸರುಗಳನ್ನು ಬರೆದುಕೊಂಡು ಡಬ್ಬಿ ಮುಚ್ಚಿ ಬಂದೆ.

ಹೊಸ ಸಾಧನಕ್ಕೆ 'ಇವತ್ತು' ಎಂದು ಹೆಸರಿಟ್ಟೆ. ಇದು ಯಾವ ತಾರೀಖನ್ನೂ ಸಪಾಟು ಮಾಡುವುದಿಲ್ಲ. ಓಣಿಯ ಹೆಸರು ಹೇಳಿದರೆ ಅಲ್ಲಿಯ ಇವತ್ತು ಎಷ್ಟು ಎಂದು ಹೇಳುತ್ತದೆ. ಮನುಷ್ಯರ ಹೆಸರು ಕೊಟ್ಟರೆ ಅವರು ಹುಟ್ಟಿದ ಓಣಿಯನ್ನು ತಾನೇ ಹುಡುಕಿ, ಅಲ್ಲಿ ನಿಂತ ದಿನಗಳನ್ನು ಕಳೆದು, ವಯಸ್ಸು ಹೇಳುತ್ತದೆ. ಯಾರಾದರೂ ಸತ್ತರೆ ಓಣಿಯ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಹಿಂದೆ ಸರಿಯುತ್ತದೆ. ಬರೆಯುವವರಿಗೆ ಇದೂ ಒಂದೇ ಸಾಲು. ಒಳಗೆ ಮಾತ್ರ ಈ ಸಲ ಓಣಿಗಳಿದ್ದವು, ಓಣಿಯೊಳಗೆ ಸತ್ತವರಿದ್ದರು.

ಇಪ್ಪತ್ತೊಂಬತ್ತರ ಮಧ್ಯಾಹ್ನ ಫಕೀರವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ಹಳೆಯ ದಾಖಲೆಯ ಪ್ರಕಾರ ಅವಳಿಗೆ ಕೊನೆಯ ದಿನಕ್ಕಿಂತ ಆರು ದಿನ ಮೊದಲೇ ನಲವತ್ತು ತುಂಬಿತ್ತು. ಏಳು ನಿಂತ ದಿನ ಸಿಕ್ಕರೆ ಅವಳು ಒಳಗೆ. ಆರೇ ಸಿಕ್ಕರೆ ಮೂವತ್ತರಂದೇ ನಲವತ್ತು ತುಂಬಿ ಅವಳು ಹೊರಗೆ.

ಆರು ಬಂತು.

ಮತ್ತೊಮ್ಮೆ ಓಡಿಸಿದೆ. ದಾನಮ್ಮ, ಗುರುಸಿದ್ಧಪ್ಪ, ಅವಳ ಗಂಡ ದುರಗಪ್ಪ, ಇನ್ನು ಮೂವರು. ಆರೇ. ನಾಳೆ ಗಾಣದ ಓಣಿಯಲ್ಲಿ ಹದಿನಾಲ್ಕು, ನಾಳೆಯೇ ನಲವತ್ತು. ಇಷ್ಟು ಮಾಡಿ ಒಂದು ದಿನಕ್ಕೆ ಸೋತೆವಲ್ಲ!

ಫಕೀರವ್ವ ಅಳಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಕೇಳಿದಳು, "ಇದು ಇವತ್ತ ನಮ್ಮ ಓಣ್ಯಾಗ ಎಷ್ಟ ಅಂತೈತಿ?"

"ಹದಿಮೂರು."

"ಹನ್ನೆರಡ್ರಿ. ಮುಂಜಾನೆ ನೋಡೇ ಬಂದೀನಿ."

"ಹಂಗಾದ್ರ ನಿಮ್ಮ ಮಾಬುಸಾಬಜ್ಜ ಒಂದ ದಿನಾ ಹಾಳಿ ಹರಿಯೋದು ಮರತಾರ," ಎಂದೆ. ಎರಡು ದಿನ ನಿದ್ದೆಗೆಟ್ಟ ಸಿಟ್ಟು ಬೇರೆ. "ಹಾಳಿ ನಾನಾ ಎಣಿಸೇನಿ. ಆರ ಅದಾವು."

"ಅಜ್ಜ ಮರಿಯಾಂವಲ್ಲ," ಎಂದಳು. "ನಡೀರಿ, ಅವರನ್ನಾ ಕೇಳೂಣು."

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಗಾಣದ ಓಣಿಗೆ ಹೋದೆವು. ಗೋಡೆಯ ಮೇಲೆ ಹನ್ನೆರಡೇ ಇತ್ತು. ನಾನು ಸುತ್ತು ಬಳಸದೆ, ಒಂದು ದಿನ ಮರೆತಿರಾ ಎಂದು ಅಜ್ಜನನ್ನು ಕೇಳಿಬಿಟ್ಟೆ. ಅವರು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನಲವತ್ತೆರಡ ವರ್ಷ ಹಾಳಿ ಹರದೀನಿ. ಜ್ವರಾ ಬಂದಾಗ ಮಂಚದಾಗ ಹೊತಗೊಂಡ ಬಂದು ಹರಿಸ್ಯಾರ. ಮರತಿರಾ ಅಂತ ಕೇಳಾಕ ನೀ ಬಂದಿಯೇನವಾ?"

ಡಬ್ಬಿಯನ್ನು ತಂದು ಕಟ್ಟೆಯ ಮೇಲೆ ಸುರಿದು ಒಂದೊಂದಾಗಿ ಎಣಿಸಿದರು. ಏಳು ಹಾಳೆ. ಏಳನೆಯದರ ಮೇಲೆ ಏನೂ ಬರೆದಿರಲಿಲ್ಲ. ಅದನ್ನು ನಾನು ಅಂದೇ ನೋಡಿದ್ದೆ. ಯಾವುದೋ ಖಾಲಿ ಹಾಳೆ ನಡುವೆ ಸೇರಿದೆ ಎಂದು ಪಕ್ಕಕ್ಕೆ ಇಟ್ಟಿದ್ದೆ. ಅಷ್ಟೇ ಅಲ್ಲ, ಕೋಡಿನಲ್ಲಿಯೂ ಅದನ್ನೇ ಬರೆದಿದ್ದೆ: ಹೆಸರು ಖಾಲಿ ಇದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗು. ಕೋಡು ಬರೆಯುವವರೆಲ್ಲ ಹಾಗೇ ಬರೆಯುತ್ತಾರೆ, ಕೈಗೆ ರೂಢಿಯಾಗಿಬಿಟ್ಟಿರುತ್ತದೆ.

"ಇದು ಕಂಬಳಿ ಮಾರಾಕ ಬಂದಾಂವಂದು," ಎಂದರು ಅಜ್ಜ. "ಮಟಮಟ ಮಧ್ಯಾಹ್ನ ಬಂದ. ಈ ಕಟ್ಟಿ ಮ್ಯಾಲ ಕುಂತ ನೀರ ಕೇಳಿದ. ಅವನ ಮಾತ ಯಾರಿಗೂ ತಿಳೀಲಿಲ್ಲ, ಕೈ ಮಾಡಿ ಕೇಳಿದ. ಕುಡದ. ಅಲ್ಲೇ ವಾಲಿದ. ಚೀಲದಾಗ ಎರಡ ಕಂಬಳಿ ಬಿಟ್ರ ಒಂದ ಚೀಟಿ ಇಲ್ಲ. ಪರ ಊರಾಂವ, ನಮ್ಮ ದಿನಾ ಯಾಕ ನಿಲ್ಲಬೇಕು ಅಂತ ನಾಕ ಮಂದಿ ಅಂದ್ರು. ಆದ್ರ ಮಣ್ಣ ಮಾಡಿ ಬಂದ ಮರುದಿನಾ ಹಾಳಿಗೆ ಕೈ ಹಾಕಾಕ ಹೋದ್ರ ನನಗ ಕೈ ಬರಲಿಲ್ಲವಾ. ಎಲ್ಲಾರೂ ಸುಮ್ಮ ನಿಂತ್ರು. ದಿನಾ ನಿಂತು. ಬರಿಯಾಕ ಹೆಸರಿದ್ದಿಲ್ಲ, ಹಂಗಾ ಇಟ್ಟೆ."

ನಾಚಿಕೆಯಾಯಿತು. ಆ ಕಟ್ಟೆಯ ಮೇಲೆ ನಾನೂ ಕೂತು ನೀರು ಕುಡಿದಿದ್ದೆ. "ತಪ್ಪಾತಜ್ಜಾ," ಎಂದೆ. "ತಪ್ಪ ಆಗ್ಲಿ, ಈಗ ಬರಿ," ಎಂದರು.

ಮೂವತ್ತರಂದು ನಾನು, ಫಕೀರವ್ವ, ಅಜ್ಜ ಮೂವರೂ ಪುರಸಭೆಯಲ್ಲಿದ್ದೆವು. ಏಳನೆಯ ಹಾಳೆಯನ್ನು ಪಟ್ಟಿಗೆ ಸೇರಿಸಿ, ಹೆಸರಿಲ್ಲದ ಸಾಲನ್ನು ಬಿಡು ಎಂಬುದನ್ನು ನಾನು ಅಳಿಸಿದೆ. ಆ ಒಂದು ಸಾಲು ತೆಗೆದದ್ದಕ್ಕೆ ಬೇರೆ ಮೂರು ಕಡೆ ಮುರಿಯಿತು, ಶಾಲೆಯ ಪ್ರವೇಶದ ಪುಟ ಪೂರ್ತಿ ಖಾಲಿಯಾಯಿತು. ಬೈದುಕೊಳ್ಳುತ್ತ ಅದನ್ನೆಲ್ಲ ಸರಿಮಾಡುವುದರಲ್ಲಿ ಊಟದ ಹೊತ್ತು ಹೋಯಿತು. ನಾಲ್ಕೂಕಾಲು ಗಂಟೆಗೆ ಓಡಿಸಿದೆ. ಗಾಣದ ಓಣಿ: ಇವತ್ತು ಹದಿಮೂರು. ಫಕೀರವ್ವ: ನಲವತ್ತಕ್ಕೆ ಒಂದು ದಿನ ಬಾಕಿ. ಅವಳು ನನ್ನ ಭುಜ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಎರಡು ದಿನ ನೋಯುತ್ತಿತ್ತು.

ಅರ್ಜಿಗೆ ಹಚ್ಚಬೇಕಾದ ವಯಸ್ಸಿನ ದಾಖಲೆಯನ್ನು ಹುದ್ದಾರರ ಸಹಿಗೆ ಒಯ್ದೆವು. ಅದರಲ್ಲಿ ನಿಂತ ದಿನಗಳು, ಯಾರಿಗಾಗಿ ನಿಂತವು ಎಂಬ ಹೆಸರುಗಳ ಸಮೇತ ಅಚ್ಚಾಗುತ್ತವೆ. ಅವರು ಮೇಲಿನಿಂದ ಬೆರಳಿಟ್ಟುಕೊಂಡು ಬಂದು ಏಳನೆಯ ಸಾಲಿಗೆ ನಿಂತರು.

"ಇಲ್ಲಿ ಹೆಸರಾ ಇಲ್ಲಲ್ರಿ."

ನಾನು ಹೇಳಿದೆ. ಅಜ್ಜ ಹಾಳೆ ತೋರಿಸಿದರು. ಹುದ್ದಾರರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು, ಆಮೇಲೆ ಪೆನ್ನು ಕೆಳಗಿಟ್ಟರು. "ನೀವು ಹೇಳೋದ ಖರೇ ಇರಬಹುದು. ಆದ್ರ ಖಾಲಿ ಹಾಳಿ ಮ್ಯಾಲ ನಾ ಸಹಿ ಮಾಡಿದ್ರ ನಾಳೆ ಇನ್ನೊಬ್ಬ ಹತ್ತ ಖಾಲಿ ಹಾಳಿ ತರ್ತಾನ. ನಮ್ಮ ಓಣ್ಯಾಗೂ ಯಾರೋ ಸತ್ತಿದ್ರು, ದಿನಾ ಕೊಡ್ರಿ ಅಂತಾನ. ಆಗ ಏನ ಹೇಳ್ಲಿ? ಹೆಸರ ಬೇಕ್ರಿ ಮೇಡಂ."

ಅವರ ಮಾತಿನಲ್ಲಿ ತಪ್ಪು ಇರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. "ಸತ್ತಾಂವನ ಹೆಸರ ಗೊತ್ತಿಲ್ಲದಿದ್ರ ಅವ ಸತ್ತಿಲ್ಲೇನ್ರಿ ಸರ್? ಗಾಣದ ಓಣಿಯ ಏಳು ನೂರು ಮಂದಿ ನಿಲ್ಲಿಸಿದ ದಿನಾನ ನೀವು ಇಲ್ಲ ಅಂತೀರೇನ್ರಿ? ಎರಡ ವರ್ಷ ನಾ ಅದನ್ನಾ ಮಾಡೀನಿ, ಇವತ್ತ ನೀವು ಮಾಡಬ್ಯಾಡ್ರಿ," ಎಂದೆ. ಧ್ವನಿ ಏರಿತ್ತು. ಹೊರಗಿನ ಗುಮಾಸ್ತರು ಬಾಗಿಲಿಗೆ ಬಂದು ನಿಂತರು.

"ಒದರಬ್ಯಾಡ್ರಿ ಮೇಡಂ. ಯಾರು ಅವ, ಅಷ್ಟ ಹೇಳ್ರಿ. ಏನರ ಒಂದು ಬರೀರಿ, ನಾ ಸಹಿ ಮಾಡ್ತೀನಿ. ಸುಳ್ಳ ಮಾತ್ರ ಬರೀಬ್ಯಾಡ್ರಿ."

ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ ಇತ್ತು. ಅಜ್ಜ ತಲೆ ಕೆರೆದುಕೊಂಡರು. ಕಂಬಳಿಯವ ಎಂದು ಬರೆಯಲೇ ಎಂದು ನಾನು ಕೇಳಿದೆ. ಅದು ಅವನು ಮಾರುತ್ತಿದ್ದ ಸಾಮಾನು, ಅವನಲ್ಲ ಎಂದರು ಹುದ್ದಾರರು. ಅಪರಿಚಿತ ಎಂದು ಬರೆಯಲೇ ಎಂದೆ. ಅದಕ್ಕೆ ಫಕೀರವ್ವ ಬೇಡ ಎಂದು ತಲೆ ಅಲ್ಲಾಡಿಸಿದಳು. ಅವಳ ಕಣ್ಣು ತುಂಬಿತ್ತು. ಹನ್ನೊಂದು ವರ್ಷದ ಕೆಲಸ ಒಂದು ಖಾಲಿ ಜಾಗಕ್ಕೆ ಸಿಕ್ಕಿಕೊಂಡಿತ್ತು, ಆದರೂ ಅವಳು ಆ ಮಾತನ್ನು ಒಪ್ಪಲಿಲ್ಲ.

"ಅವನ ಬಾಯಿಗೆ ನೀರ ಹಾಕಿದ್ದು ನಾವು. ಅವನ್ನ ಹೊತ್ತಿದ್ದು ನಾವು, ಮಣ್ಣ ಕೊಟ್ಟಿದ್ದು ನಾವು. ಅವನ ಸಲುವಾಗಿ ನಮ್ಮ ದಿನಾ ನಿಂತೇತಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಮ್ಮ ಓಣ್ಯಾಂವ ಅಂತ ಬರೀರಿ, ಬಾಯಾರ."

ನಾನು ಹಾಗೆಯೇ ಬರೆದೆ. ಹುದ್ದಾರರು ಹೊಸ ಪ್ರತಿಯನ್ನು ಕೈಗೆ ತೆಗೆದುಕೊಂಡು ಏಳು ಸಾಲನ್ನೂ ದನಿ ತೆಗೆದು ಓದಿದರು. ದಾನಮ್ಮ, ಗುರುಸಿದ್ಧಪ್ಪ, ದುರಗಪ್ಪ, ಹೀಗೆ ಆರು ಮುಗಿಸಿ, ಏಳನೆಯದನ್ನೂ ಹೆಸರು ಓದಿದ ಹಾಗೆಯೇ ಓದಿ, ಕೆಳಗೆ ಸಹಿ ಹಾಕಿದರು.